ಮೊಟ್ಟೆಯನ್ನೇ ಇಡದ ಕೆಲಸಗಾರ ಜೇನುನೊಣದ ಗುಣ ಮುಂದಿನ ಪೀಳಿಗೆಗೆ ದಾಟುವುದು ಹೇಗೆ?

ಶಿರಸಿಯ ಶಿಕ್ಷಕಿ (ಪ್ರಶ್ನೆ)

ನಾನು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸದ ಪಾಠ ನಡೆಯುತ್ತಿದ್ದಾಗ, ಮನೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿರುವ ವಿದ್ಯಾರ್ಥಿನಿಯೊಬ್ಬಳು ಎತ್ತಿದ ಪ್ರಶ್ನೆಯನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಹೆಚ್ಚು ಮರಿಗಳನ್ನು ಉಳಿಸಿಹೋಗುವ ಜೀವಿಯ ಗುಣಗಳೇ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತವೆ ಎನ್ನುವುದು ನಿಸರ್ಗದ ಆಯ್ಕೆಯ ತಿರುಳು. ಆದರೆ ಗೂಡಿನ ಕೆಲಸಗಾರ ನೊಣ ಸಾಮಾನ್ಯವಾಗಿ ಮೊಟ್ಟೆಯನ್ನೇ ಇಡುವುದಿಲ್ಲ. ರಾಣಿಯ ಮರಿಗಳಿಗೆ ಉಣಿಸುತ್ತದೆ, ಎರಿ ಕಟ್ಟುತ್ತದೆ, ಮಕರಂದ ತರುತ್ತದೆ, ಕೊನೆಗೆ ಮನುಷ್ಯನನ್ನೋ ಕರಡಿಯನ್ನೋ ಕಚ್ಚಿ, ಮುಳ್ಳಿನೊಂದಿಗೆ ಹೊಟ್ಟೆಯ ಭಾಗವನ್ನೂ ಕಳೆದುಕೊಂಡು ಸಾಯುತ್ತದೆ. ಮರಿಗಳೇ ಇಲ್ಲದ ನೊಣದ ಈ ತ್ಯಾಗದ ಗುಣವನ್ನು ಮುಂದಕ್ಕೆ ಒಯ್ಯುವವರು ಯಾರು? ಮೊದಲ ಪೀಳಿಗೆಯಲ್ಲೇ ಅದು ಅಳಿಸಿಹೋಗಬೇಕಿತ್ತಲ್ಲವೇ?

ಇದರ ಜೊತೆಗೆ ನನ್ನದೇ ಆದ ಇನ್ನೊಂದು ಪ್ರಶ್ನೆಯೂ ಇದೆ. ವಂಶವಾಹಿಯ ಕೆಲಸವೆಂದರೆ ಒಂದು ಪ್ರೋಟೀನಿಗೆ ಬೇಕಾದ ಸೂಚನೆ ಒದಗಿಸುವುದು ಎಂದು ನಾವು ಕಲಿಸುತ್ತೇವೆ. ಪ್ರೋಟೀನಿನಿಂದ ಕಣ್ಣಿನ ಬಣ್ಣ ಬರುವುದು ಅರ್ಥವಾಗುತ್ತದೆ. ನಡವಳಿಕೆ ಹೇಗೆ ಬರುತ್ತದೆ? ತಿಳಿದವರು ದಯವಿಟ್ಟು ಮಕ್ಕಳಿಗೆ ಹೇಳಬಹುದಾದ ರೀತಿಯಲ್ಲಿ ವಿವರಿಸಬೇಕಾಗಿ ವಿನಂತಿ.

ಕೀಟಾಸಕ್ತ

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿರುವುದು ಡಾರ್ವಿನ್ ಅವರನ್ನೇ ಕಾಡಿದ ಪ್ರಶ್ನೆ. 1859ರಲ್ಲಿ ಪ್ರಕಟವಾದ, ಜೀವಪ್ರಭೇದಗಳ ಉಗಮವನ್ನು ಕುರಿತ ಗ್ರಂಥದಲ್ಲಿ ಬಂಜೆ ಕೀಟಗಳ ವಿಷಯಕ್ಕೆ ಬಂದಾಗ, ಈ ತೊಡಕು ಮೊದಲಿಗೆ ತಮಗೆ ದಾಟಲಾಗದ್ದಾಗಿ, ತಮ್ಮ ಇಡೀ ಸಿದ್ಧಾಂತಕ್ಕೇ ಮಾರಕವಾಗಿ ಕಂಡಿತ್ತು ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅದಕ್ಕೆ ಅವರೇ ಕೊಟ್ಟ ಸಮಾಧಾನ ತರಗತಿಯಲ್ಲಿ ಇಂದಿಗೂ ಹೇಳಲು ಯೋಗ್ಯವಾದದ್ದು. ರುಚಿಯಾದ ತರಕಾರಿಯನ್ನು ಬೇಯಿಸಿ ತಿಂದಮೇಲೆ ಆ ಗಿಡದಿಂದ ಬೀಜ ಸಿಗುವುದಿಲ್ಲ. ಆದರೆ ಬೆಳೆಗಾರನು ಅದೇ ತಳಿಯ ಬೀಜವನ್ನು ಬಿತ್ತಿ, ಅದೇ ರುಚಿಯನ್ನು ಮತ್ತೆ ಪಡೆಯುತ್ತಾನೆ. ಗುಣ ತೋರಿದ ಗಿಡ ಒಂದು, ಗುಣವನ್ನು ಮುಂದಕ್ಕೆ ಒಯ್ದದ್ದು ಅದರ ಬಂಧು. ಆಯ್ಕೆ ಎನ್ನುವುದು ಒಂಟಿ ಜೀವಿಯ ಮೇಲಷ್ಟೇ ಅಲ್ಲ, ಕುಟುಂಬದ ಮೇಲೂ ನಡೆಯಬಲ್ಲದು ಎಂದು ಡಾರ್ವಿನ್ ಹೇಳಿದ್ದು ಹೀಗೆ.

ವಂಶವಾಹಿಯ ಕಲ್ಪನೆಯೇ ಇಲ್ಲದ ಕಾಲದಲ್ಲಿ ಅದಕ್ಕಿಂತ ಮುಂದೆ ಹೋಗಲು ಅವರಿಗೆ ಸಾಧ್ಯವಿರಲಿಲ್ಲ. ಬಟಾಣಿ ಗಿಡಗಳ ಮೇಲಿನ ಪ್ರಯೋಗಗಳಿಂದ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಮೆಂಡೆಲ್ ಅವರ ಪ್ರಬಂಧ 1866ರಲ್ಲಿ ಪ್ರಕಟವಾಯಿತಾದರೂ ಅದು ವಿಜ್ಞಾನಿಗಳ ಗಮನಕ್ಕೆ ಮತ್ತೆ ಬಂದದ್ದು 1900ರಲ್ಲಿ. ಆಮೇಲೆ 1955ರಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಒಂದು ಲೇಖನದಲ್ಲಿ ಸರಳವಾದ ಲೆಕ್ಕವೊಂದನ್ನು ಮುಂದಿಟ್ಟರು. ನದಿಯಲ್ಲಿ ಮುಳುಗುತ್ತಿರುವ ಮಗುವನ್ನು ಉಳಿಸಲು ಧುಮುಕುವಂತೆ ಪ್ರೇರೇಪಿಸುವ ಅಪರೂಪದ ವಂಶವಾಹಿಯೊಂದು ನಿಮ್ಮಲ್ಲಿದೆ ಎಂದುಕೊಳ್ಳಿ. ಧುಮುಕಿದವರು ಸಾಯುವ ಸಂಭವ ಹತ್ತರಲ್ಲಿ ಒಂದು ಎಂದುಕೊಳ್ಳಿ. ಆ ಮಗು ನಿಮ್ಮ ಸ್ವಂತದ್ದೋ ಒಡಹುಟ್ಟಿದ್ದೋ ಆಗಿದ್ದರೆ ಅದರಲ್ಲಿಯೂ ಅದೇ ವಂಶವಾಹಿ ಇರುವ ಸಾಧ್ಯತೆ ಅರ್ಧದಷ್ಟು. ಆಗ ಹತ್ತು ಬಾರಿ ಹೀಗೆ ನಡೆದರೆ, ಧುಮುಕಿದವರಲ್ಲಿ ಆ ವಂಶವಾಹಿಯ ಒಂದು ಪ್ರತಿ ನಷ್ಟವಾದರೆ ಉಳಿದ ಮಕ್ಕಳಲ್ಲಿ ಐದು ಪ್ರತಿಗಳು ಉಳಿಯುತ್ತವೆ. ಬಂಧುತ್ವ ದೂರವಾದಂತೆ ಈ ಲಾಭ ಇಳಿಯುತ್ತಾ ಹೋಗುತ್ತದೆ. ಇದನ್ನು ಬರೆದ ಎರಡು ವರ್ಷಗಳಲ್ಲಿ ಹಾಲ್ಡೇನ್ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಅದೇ 1964ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಎಂಬ ತರುಣ ಈ ವಿಚಾರಕ್ಕೆ ಪೂರ್ಣವಾದ ಗಣಿತದ ರೂಪ ಕೊಟ್ಟರು. ಅದರ ಸಾರ ಇಷ್ಟು: ನೆರವಿನಿಂದ ಬಂಧುವಿಗೆ ಆಗುವ ಲಾಭವನ್ನು ಬಂಧುತ್ವದ ಪ್ರಮಾಣದಿಂದ (ಅಂದರೆ ಇಬ್ಬರಲ್ಲೂ ಅದೇ ವಂಶವಾಹಿ ಇರುವ ಸಾಧ್ಯತೆಯಿಂದ) ಗುಣಿಸಿದಾಗ ಬರುವ ಮೊತ್ತ, ನೆರವಾಗುವವನ ನಷ್ಟಕ್ಕಿಂತ ಹೆಚ್ಚಾಗಿದ್ದರೆ ನೆರವಿನ ಗುಣ ಹರಡುತ್ತದೆ, ಕಡಿಮೆಯಿದ್ದರೆ ಹರಡುವುದಿಲ್ಲ. ಲಾಭನಷ್ಟಗಳನ್ನು ಇಲ್ಲಿ ಅಳೆಯುವುದು ಸಂತಾನದ ಸಂಖ್ಯೆಯಲ್ಲಿ. ನೊಣ ಈ ಲೆಕ್ಕವನ್ನು ಮಾಡಬೇಕಾಗಿಲ್ಲ, ಅದಕ್ಕೆ ಏನೂ ಗೊತ್ತಿರಬೇಕಾಗಿಯೂ ಇಲ್ಲ ಎನ್ನುವುದನ್ನು ಮಕ್ಕಳಿಗೆ ಒತ್ತಿ ಹೇಳಬೇಕು. ಸಾವಿರಾರು ಪೀಳಿಗೆಗಳಲ್ಲಿ ಯಾವ ವಂಶವಾಹಿಯ ಪ್ರತಿಗಳು ಹೆಚ್ಚು ಉಳಿದವೋ ಆ ವಂಶವಾಹಿಯೇ ಇಂದು ಗೂಡಿನಲ್ಲಿದೆ, ಅಷ್ಟೇ.

ಇನ್ನು ಜೇನಿನ ವಿಶೇಷಕ್ಕೆ ಬರೋಣ. ಜೇನು, ಕಡಜ, ಇರುವೆಗಳಲ್ಲಿ ಫಲಿತವಾದ ಮೊಟ್ಟೆಯಿಂದ ಹೆಣ್ಣು ಹುಟ್ಟುತ್ತದೆ, ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಹೆಣ್ಣು ಜೇನುನೊಣದಲ್ಲಿ ವಂಶವಾಹಿಗಳನ್ನು ಹೊತ್ತ 32 ವರ್ಣತಂತುಗಳಿದ್ದರೆ ಗಂಡುನೊಣದಲ್ಲಿ 16 ಮಾತ್ರ. ಗಂಡಿನಲ್ಲಿ ಇರುವುದೇ ಒಂದು ಜೊತೆಯ ಅರ್ಧ ಭಾಗವಾದ್ದರಿಂದ ಅದರ ವೀರ್ಯಾಣುಗಳೆಲ್ಲವೂ ಒಂದೇ ತೆರನಾಗಿರುತ್ತವೆ. ಹೀಗಾಗಿ ಒಂದೇ ತಂದೆತಾಯಿಗೆ ಹುಟ್ಟಿದ ಅಕ್ಕತಂಗಿಯರಲ್ಲಿ ತಂದೆಯಿಂದ ಬಂದ ಪಾಲು ಪೂರ್ತಿ ಒಂದೇ. ತಾಯಿಯಿಂದ ಬಂದ ಪಾಲಿನಲ್ಲಿ ಸರಾಸರಿ ಅರ್ಧ ಒಂದೇ. ಎರಡನ್ನೂ ಸೇರಿಸಿದರೆ ಅಕ್ಕತಂಗಿಯರ ನಡುವಿನ ಬಂಧುತ್ವ ಮುಕ್ಕಾಲು ಆಗುತ್ತದೆ. ಸ್ವಂತ ಮಗಳೊಂದಿಗಿನ ಬಂಧುತ್ವವಾದರೋ ಅರ್ಧ ಮಾತ್ರ. ಮಗಳನ್ನು ಹೆರುವುದಕ್ಕಿಂತ ತಂಗಿಯನ್ನು ಸಾಕುವುದೇ ವಂಶವಾಹಿಯ ದೃಷ್ಟಿಯಿಂದ ಲಾಭಕರವಾಗಬಲ್ಲ ಈ ವಿಚಿತ್ರ ಏರ್ಪಾಡನ್ನು ಹ್ಯಾಮಿಲ್ಟನ್ ಗುರುತಿಸಿದರು. ಕೆಲಸಗಾರ ನೊಣದ ಗುಣವನ್ನು ಮುಂದಕ್ಕೆ ಒಯ್ಯುವವರು ಯಾರು ಎಂಬುದಕ್ಕೆ ಉತ್ತರ ಇದೇ: ಅದು ಸಾಕಿದ ತಂಗಿಯರಲ್ಲಿ ಮುಂದೆ ರಾಣಿಯಾಗುವವಳು, ಮತ್ತು ಅದೇ ಗೂಡಿನಿಂದ ಹಾರಿಹೋಗುವ ಗಂಡುನೊಣಗಳು.

ಹಿರಿಯ ಓದುಗ

ವಿವರಣೆ ಚೆನ್ನಾಗಿದೆ. ಆದರೂ ಇಷ್ಟೆಲ್ಲ ಲೆಕ್ಕದ ಅಗತ್ಯವಿದೆಯೇ ಎಂದು ನನಗೆ ಅನ್ನಿಸುತ್ತದೆ. ತನ್ನ ಕುಲ ಉಳಿಯಲಿ ಎಂಬ ಪ್ರವೃತ್ತಿಯನ್ನು ಪ್ರಕೃತಿ ಪ್ರತಿಯೊಂದು ಪ್ರಾಣಿಯಲ್ಲಿಯೂ ಇಟ್ಟಿದೆ. ಜೇನುನೊಣ ತನ್ನ ಜಾತಿಯ ಒಳಿತಿಗಾಗಿ ಪ್ರಾಣ ಕೊಡುತ್ತದೆ ಎಂದರೆ ಮಕ್ಕಳಿಗೆ ಸುಲಭವಾಗಿ ಅರ್ಥವಾಗುವುದಿಲ್ಲವೇ? ನಾವು ಚಿಕ್ಕಂದಿನಲ್ಲಿ ಓದಿದ್ದೂ ಹಾಗೆಯೇ.

ಧಾರವಾಡದ ವನ್ಯಪ್ರೇಮಿ

ಹಿರಿಯರೇ, ಹಾಗೆ ಹೇಳಿದರೆ ಸುಲಭವಾಗಿ ಅರ್ಥವಾಗುತ್ತದೆ ಎನ್ನುವುದು ನಿಜ, ಆದರೆ ಆ ವಿವರಣೆ ನಿಲ್ಲುವುದಿಲ್ಲ. ಅದು ನಿಲ್ಲದೆ ಹೋದ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಮ್ಮ ಧಾರವಾಡದ ಸುತ್ತಲಿನ ಕಾಡಿನಲ್ಲೇ ನಡೆದದ್ದು.

1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಎಂಬ ಸಂಶೋಧಕರು ಇಲ್ಲಿ ಮುಸುವಗಳ ಗುಂಪುಗಳನ್ನು ಬಹುಕಾಲ ಹಿಂಬಾಲಿಸಿ ಅಧ್ಯಯನ ಮಾಡಿದರು. ಮುಸುವಗಳ ಅನೇಕ ಗುಂಪುಗಳಲ್ಲಿ ಒಂದು ವಯಸ್ಕ ಗಂಡು, ಹಲವು ಹೆಣ್ಣುಗಳು ಮತ್ತು ಮರಿಗಳಿರುತ್ತವೆ. ಉಳಿದ ಗಂಡುಗಳು ಬೇರೆ ತಂಡ ಕಟ್ಟಿಕೊಂಡು ಅಲೆಯುತ್ತವೆ. ಹೊರಗಿನ ಗಂಡು ಬಂದು ಹಳೆಯ ಯಜಮಾನನನ್ನು ಓಡಿಸಿ ಗುಂಪನ್ನು ವಶಪಡಿಸಿಕೊಂಡಾಗ, ಅದು ಅಲ್ಲಿಯ ಎಳೆಯ ಮರಿಗಳನ್ನು ಕಚ್ಚಿ ಕೊಲ್ಲುವುದನ್ನು ಸುಗಿಯಾಮಾ ದಾಖಲಿಸಿದರು. ಪ್ರಾಣಿಗಳು ತಮ್ಮ ಜಾತಿಯ ಒಳಿತಿಗಾಗಿ ವರ್ತಿಸುತ್ತವೆ ಎಂದು ನಂಬಿದ್ದ ಕಾಲ ಅದು. ಆದ್ದರಿಂದ ಅನೇಕರು ಈ ವರದಿಯನ್ನು ವಿಕೃತಿಯೆಂದು, ಜನಸಂಪರ್ಕದಿಂದಲೋ ದಟ್ಟಣೆಯಿಂದಲೋ ಹುಟ್ಟಿದ ಅಸಹಜ ವರ್ತನೆಯೆಂದು ಬದಿಗಿಟ್ಟರು.

ರಾಜಸ್ಥಾನದ ಅಬು ಪರ್ವತದಲ್ಲಿ ಮುಸುವಗಳನ್ನು ಅಧ್ಯಯನ ಮಾಡಿದ ಅಮೆರಿಕದ ಸಾರಾ ಹರ್ಡಿ 1970ರ ದಶಕದಲ್ಲಿ ಇದಕ್ಕೆ ಬೇರೆಯದೇ ವಿವರಣೆ ಕೊಟ್ಟರು. ಮರಿಗೆ ಹಾಲೂಡುತ್ತಿರುವ ತಾಯಿ ಸಾಮಾನ್ಯವಾಗಿ ಮತ್ತೆ ಬೆದೆಗೆ ಬರುವುದಿಲ್ಲ. ಹೊಸ ಗಂಡಿಗಾದರೋ ಗುಂಪಿನ ಯಜಮಾನಿಕೆ ಎಷ್ಟು ಕಾಲ ಉಳಿಯುತ್ತದೆ ಎಂಬ ಭರವಸೆಯಿಲ್ಲ, ಮತ್ತು ಮುಸುವದ ಗರ್ಭಧಾರಣೆಯೇ ಆರು ತಿಂಗಳಿಗೂ ಹೆಚ್ಚು ಕಾಲ ನಡೆಯುತ್ತದೆ. ಇನ್ನೊಬ್ಬನ ಮರಿ ಸತ್ತರೆ ತಾಯಿ ಬೇಗನೆ ಬೆದೆಗೆ ಬಂದು ಈ ಗಂಡಿನ ಮರಿಯನ್ನು ಹೊರುತ್ತಾಳೆ. ಅಂದರೆ ಈ ಕ್ರೌರ್ಯ ಜಾತಿಗೆ ನಷ್ಟ, ತಾಯಿಗೆ ನಷ್ಟ, ಮರಿಗೆ ಸರ್ವನಾಶ. ಆದರೆ ಕೊಂದ ಗಂಡಿನ ವಂಶವಾಹಿಗಳಿಗೆ ಲಾಭ. ಈ ವಿವರಣೆ ಸರಿಯಿದ್ದರೆ ಗಂಡು ತನ್ನದೇ ಮರಿಯನ್ನು ಕೊಲ್ಲಬಾರದು. ನೇಪಾಳದ ರಾಮನಗರದಲ್ಲಿ ಮುಸುವಗಳ ಡಿಎನ್‌ಎ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಸಿಕ್ಕ ಪ್ರಕರಣಗಳಲ್ಲೆಲ್ಲ ಮರಿಗಳ ಮೇಲೆ ಎರಗಿದ ಗಂಡು ಆ ಮರಿಗಳ ತಂದೆಯಾಗಿರಲಿಲ್ಲ ಎಂದೇ ಕಂಡುಬಂತು.

ಹೆಣ್ಣುಗಳೂ ಸುಮ್ಮನಿರುವುದಿಲ್ಲ. ಮರಿಯ ಅಜ್ಜಿಯೋ ಚಿಕ್ಕಮ್ಮನೋ ಆಗಿರಬಹುದಾದ ಹೆಣ್ಣುಗಳು ಒಟ್ಟಾಗಿ, ತಮಗಿಂತ ಬಲಿಷ್ಠನಾದ ಗಂಡಿಗೆ ಅಡ್ಡ ನಿಲ್ಲುತ್ತವೆ. ಮರಿ ಹೆರುವ ವಯಸ್ಸು ದಾಟುತ್ತಿರುವ ಮುದಿ ಹೆಣ್ಣುಗಳು ಇದರಲ್ಲಿ ಮುಂದಾಗುವುದನ್ನು ಹರ್ಡಿ ವಿಶೇಷವಾಗಿ ಗಮನಿಸಿದ್ದರು. ಜೇನುನೊಣದ ತ್ಯಾಗವನ್ನು ವಿವರಿಸಿದ ಅದೇ ಬಂಧುತ್ವದ ಲೆಕ್ಕ ಇಲ್ಲಿ ಅಜ್ಜಿಯ ಧೈರ್ಯವನ್ನೂ ವಿವರಿಸುತ್ತದೆ. ಜಾತಿಯ ಒಳಿತು ಎಂಬ ಮಾತಿನಿಂದ ಗಂಡಿನ ಕ್ರೌರ್ಯವನ್ನು ವಿವರಿಸಲು ಸಾಧ್ಯವೇ ಇಲ್ಲ. ವಂಶವಾಹಿಯ ದೃಷ್ಟಿಯಿಂದ ನೋಡಿದರೆ ಎರಡೂ ಒಂದೇ ನಿಯಮದ ಅಡಿಯಲ್ಲಿ ಬರುತ್ತವೆ. ಮಕ್ಕಳಿಗೆ ಇದನ್ನು ಹೇಳುವಾಗ ಒಂದು ಎಚ್ಚರಿಕೆ ಬೇಕು: ಒಂದು ವರ್ತನೆ ಹೇಗೆ ವಿಕಾಸವಾಯಿತು ಎಂದು ತಿಳಿಯುವುದು ಬೇರೆ, ಅದನ್ನು ಸರಿಯೆಂದು ಒಪ್ಪುವುದು ಬೇರೆ.

ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ಮೇಲಿನ ಉತ್ತರಗಳನ್ನು ಒಪ್ಪುತ್ತಲೇ, ಮುಕ್ಕಾಲು ಬಂಧುತ್ವದ ಮಾತಿಗೆ ಒಂದು ತಿದ್ದುಪಡಿ ಸೇರಿಸಲು ಬಯಸುತ್ತೇನೆ. ಅನೇಕ ಪಠ್ಯಗಳು ಅಲ್ಲಿಗೇ ನಿಂತುಬಿಡುವುದರಿಂದ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಅದೇ ಪೂರ್ಣ ಉತ್ತರವೆಂದು ಕೂತುಬಿಡುತ್ತದೆ.

ಮೊದಲನೆಯದಾಗಿ, ಕೆಲಸಗಾರ ನೊಣ ತಂಗಿಯರನ್ನಷ್ಟೇ ಸಾಕುವುದಿಲ್ಲ, ತಮ್ಮಂದಿರನ್ನೂ ಸಾಕುತ್ತದೆ. ತಮ್ಮನಿಗೆ ತಂದೆಯೇ ಇಲ್ಲದ್ದರಿಂದ ಅಕ್ಕನಿಗೆ ಅವನೊಂದಿಗಿರುವ ಬಂಧುತ್ವ ಕಾಲು ಭಾಗ ಮಾತ್ರ. ಇಬ್ಬರ ಮೇಲೂ ಸಮನಾಗಿ ದುಡಿದರೆ ಮುಕ್ಕಾಲು ಮತ್ತು ಕಾಲಿನ ಸರಾಸರಿ ಅರ್ಧವೇ ಆಗಿ, ಸ್ವಂತ ಮರಿಗಿಂತ ಹೆಚ್ಚಿನ ಲಾಭ ಉಳಿಯುವುದಿಲ್ಲ. ಇದನ್ನು 1976ರಲ್ಲಿ ಟ್ರಿವರ್ಸ್ ಮತ್ತು ಹೇರ್ ಎಂಬ ಸಂಶೋಧಕರು ತೋರಿಸಿಕೊಟ್ಟರು. ಎರಡನೆಯದಾಗಿ, ಜೇನಿನ ರಾಣಿ ಹಾರಾಟದಲ್ಲಿ ಹತ್ತಕ್ಕೂ ಹೆಚ್ಚು ಗಂಡುಗಳನ್ನು ಕೂಡುತ್ತಾಳೆ. ಹತ್ತು ಗಂಡುಗಳ ವೀರ್ಯ ಸಮನಾಗಿ ಬಳಕೆಯಾದರೆ ಗೂಡಿನ ಅಕ್ಕತಂಗಿಯರ ಸರಾಸರಿ ಬಂಧುತ್ವ ಸುಮಾರು 0.3ಕ್ಕೆ ಇಳಿಯುತ್ತದೆ. ಮೂರನೆಯದಾಗಿ, ಗೆದ್ದಲಿನಲ್ಲಿ ಗಂಡು ಹೆಣ್ಣು ಎರಡರಲ್ಲೂ ವರ್ಣತಂತುಗಳು ಜೋಡಿಯಾಗಿಯೇ ಇವೆ; ಅಲ್ಲಿ ಈ ಮುಕ್ಕಾಲಿನ ಪ್ರಶ್ನೆಯೇ ಇಲ್ಲ, ಆದರೂ ಹುತ್ತದ ತುಂಬ ಬಂಜೆ ಕೆಲಸಗಾರರಿದ್ದಾರೆ.

ಹಾಗಾದರೆ ಹ್ಯಾಮಿಲ್ಟನ್ ನಿಯಮ ಬಿದ್ದುಹೋಯಿತೇ ಎಂದರೆ ಇಲ್ಲ. ಆ ನಿಯಮದಲ್ಲಿ ಬಂಧುತ್ವ ಮಾತ್ರವಲ್ಲ, ಲಾಭ ಮತ್ತು ನಷ್ಟಗಳೂ ಇವೆ. ನಾವು ಮರೆಯುವುದು ಅವುಗಳನ್ನು. ಇದನ್ನು ಮನಗಾಣಿಸಿದ ಕೆಲಸಗಳಲ್ಲಿ ಬಹು ಮುಖ್ಯವಾದದ್ದು ನಮ್ಮಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ರಾಘವೇಂದ್ರ ಗದಗ್‌ಕರ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ನಡೆಸಿದ ಅಧ್ಯಯನ. ಅವರು ಆರಿಸಿಕೊಂಡದ್ದು ರೋಪಲಿಡಿಯಾ ಮಾರ್ಜಿನೇಟಾ ಎಂಬ ಕಡಜ. ಕಟ್ಟಡಗಳ ಸೂರಿನಡಿಯಲ್ಲಿ, ಕಿಟಕಿಯ ಮೂಲೆಯಲ್ಲಿ ಕಾಗದದಂಥ ಪದರದಿಂದ ಬಯಲಾಗಿ ಗೂಡು ಕಟ್ಟುವ ಈ ಕಡಜವನ್ನು ದಕ್ಷಿಣ ಭಾರತದಲ್ಲಿ ಯಾರು ಬೇಕಾದರೂ ನೋಡಬಹುದು. ಜೇನಿನಲ್ಲಿರುವಂತೆ ಇಲ್ಲಿ ರಾಣಿಗೂ ಕೆಲಸಗಾರರಿಗೂ ದೇಹರಚನೆಯಲ್ಲಿ ವ್ಯತ್ಯಾಸವಿಲ್ಲ. ಹೆಣ್ಣು ಕಡಜಗಳನ್ನು ಹುಟ್ಟಿದ ಕೂಡಲೇ ಒಂಟಿಯಾಗಿ ಪೆಟ್ಟಿಗೆಯಲ್ಲಿಟ್ಟು ಆಹಾರ ಕೊಟ್ಟಾಗ ಸುಮಾರು ಅರ್ಧದಷ್ಟು ಕಡಜಗಳು ತಾವೇ ಗೂಡು ಕಟ್ಟಿ ಮೊಟ್ಟೆಯಿಟ್ಟವು. ಅಂದರೆ ಇಲ್ಲಿ ಕೆಲಸಗಾರಳಾಗಿರುವುದು ದೈಹಿಕ ಅಸಾಮರ್ಥ್ಯದಿಂದಲ್ಲ. ಬೇರೆ ಹೋಗಿ ರಾಣಿಯಾಗುವ ದಾರಿ ತೆರೆದಿದ್ದರೂ ಬಹಳಷ್ಟು ಕಡಜಗಳು ಗೂಡಿನಲ್ಲೇ ಉಳಿದು ಇನ್ನೊಬ್ಬಳ ಮರಿಗಳನ್ನು ಸಾಕುತ್ತವೆ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಪ್ರಯೋಗದ ಮೂಲಕ ಕೇಳಲು ಇದಕ್ಕಿಂತ ಒಳ್ಳೆಯ ಜೀವಿ ಸಿಗುವುದು ಕಷ್ಟ.

ಈ ಕಡಜದ ರಾಣಿಯೂ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುವುದರಿಂದ ಒಬ್ಬಳೇ ತಾಯಿಯ ಹೆಣ್ಣುಮಕ್ಕಳ ನಡುವಿನ ಬಂಧುತ್ವ ಮುಕ್ಕಾಲಿನಿಂದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದೇ ಗೂಡಿನಲ್ಲಿ ಒಬ್ಬಳಾದ ಮೇಲೆ ಒಬ್ಬಳಂತೆ ರಾಣಿಯರು ಬದಲಾಗುತ್ತಿರುವುದರಿಂದ ಅದು ಇನ್ನೂ ಕೆಳಗಿಳಿಯುತ್ತದೆ. ತನ್ನ ಮರಿಗಿಂತ ದೂರದ ಬಂಧುವನ್ನು ಸಾಕುವುದರಲ್ಲಿ ಲಾಭವೇನು? ಗದಗ್‌ಕರ್ ಅವರು ಒತ್ತಿ ಹೇಳಿದ ಕಾರಣ ಮನಸ್ಸಿಗೆ ನಾಟುವಂಥದ್ದು. ಮೊಟ್ಟೆಯೊಂದು ಬೆಳೆದು ಕಡಜವಾಗಲು ಸುಮಾರು ಎರಡು ತಿಂಗಳು ಬೇಕು. ಒಂಟಿಯಾಗಿ ಗೂಡು ಕಟ್ಟಿದ ತಾಯಿ ಅಷ್ಟರೊಳಗೆ ಸತ್ತರೆ ಅವಳ ಶ್ರಮವೆಲ್ಲ ವ್ಯರ್ಥ, ಮರಿಗಳೆಲ್ಲ ನಾಶ. ಗುಂಪಿನಲ್ಲಿರುವ ಕೆಲಸಗಾರಳು ಅರ್ಧ ದಾರಿಯಲ್ಲಿ ಸತ್ತರೂ ಅವಳು ಉಣಿಸಿದ ಮರಿಗಳನ್ನು ಉಳಿದವರು ಮುಂದುವರಿಸುತ್ತಾರೆ. ಅವಳ ಪಾಲಿನ ದುಡಿಮೆಗೆ ಫಲ ಖಚಿತ. ಆಯುಷ್ಯ ಚಿಕ್ಕದು, ಸಾವು ಅನಿಶ್ಚಿತ ಎಂಬ ಪರಿಸ್ಥಿತಿಯಲ್ಲಿ ಈ ಖಚಿತತೆಯೇ ದೊಡ್ಡ ಲಾಭ. ಜೊತೆಗೆ, ಇಂದಲ್ಲ ನಾಳೆ ತಾನೇ ರಾಣಿಯಾಗುವ ಅವಕಾಶವೂ ಇದೆ. ಈ ಕಡಜದ ರಾಣಿ ಬಹಳ ಸೌಮ್ಯಳು. ಅವಳನ್ನು ಗೂಡಿನಿಂದ ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾರರಲ್ಲಿ ಒಬ್ಬಳು ಮಾತ್ರ ಅತ್ಯಂತ ಉಗ್ರಳಾಗುತ್ತಾಳೆ, ಉಳಿದವರು ಪೈಪೋಟಿಯಿಲ್ಲದೆ ಒಪ್ಪುತ್ತಾರೆ. ರಾಣಿಯನ್ನು ಮರಳಿ ತಂದಿಡದಿದ್ದರೆ ಆ ಉಗ್ರಳಾದ ಕೆಲಸಗಾರಳೇ ಮುಂದೆ ಮೊಟ್ಟೆಯಿಡತೊಡಗುತ್ತಾಳೆ ಮತ್ತು ಕ್ರಮೇಣ ಸೌಮ್ಯಳಾಗುತ್ತಾಳೆ.

ಜೇನಿನ ವಿಷಯದಲ್ಲಿ ಇನ್ನೊಂದು ಮಾತು. ಗುಂಪುಜೀವನ ನಡೆಸುವ ಜೇನು, ಕಡಜ, ಇರುವೆಗಳ ನೂರಾರು ಪ್ರಭೇದಗಳ ವಂಶವೃಕ್ಷವನ್ನು ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಬಂಜೆ ಕೆಲಸಗಾರರು ಮೊದಲು ಕಾಣಿಸಿಕೊಂಡ ಕವಲುಗಳಲ್ಲಿ ರಾಣಿಯರು ಒಂದೇ ಗಂಡನ್ನು ಕೂಡುತ್ತಿದ್ದರು ಎಂದು ತೋರಿಸಿತು. ಹಲವು ಗಂಡುಗಳನ್ನು ಕೂಡುವ ಪದ್ಧತಿ ಬಂದದ್ದು ಆಮೇಲೆ, ಕೆಲಸಗಾರರು ಒಂಟಿಯಾಗಿ ಬದುಕುವ ಸಾಮರ್ಥ್ಯವನ್ನು ಕಳೆದುಕೊಂಡ ನಂತರ. ಇಂದಿನ ಗೂಡನ್ನು ನೋಡಿ ಅದರ ಆರಂಭವನ್ನು ಊಹಿಸುವುದು ಏಕೆ ಕಷ್ಟವೆಂದು ಇದರಿಂದ ತಿಳಿಯುತ್ತದೆ.

ಶಿರಸಿಯ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ಮೊದಲ ಪ್ರಶ್ನೆಗೆ ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಸಿಕ್ಕಿದೆ. ಎರಡನೆಯದು ಹಾಗೇ ಉಳಿದಿದೆ. ತ್ಯಾಗದ ವಂಶವಾಹಿ, ನೆರವಿನ ವಂಶವಾಹಿ ಎಂದೆಲ್ಲ ಹೇಳುತ್ತೇವೆ. ಅಂಥದ್ದೊಂದನ್ನು ಯಾರಾದರೂ ನಿಜವಾಗಿ ಕಂಡಿದ್ದಾರೆಯೇ? ಅಲ್ಲದೆ ರಾಣಿಯೂ ಕೆಲಸಗಾರಳೂ ಒಂದೇ ಬಗೆಯ ಮೊಟ್ಟೆಯಿಂದ ಹುಟ್ಟುವಾಗ, ಬಂಜೆತನದ ವಂಶವಾಹಿ ರಾಣಿಯಲ್ಲಿ ಏಕೆ ಕೆಲಸ ಮಾಡುವುದಿಲ್ಲ?

ಕೀಟಾಸಕ್ತ

ಬಂಜೆತನದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಡವಳಿಕೆಯ ವಂಶವಾಹಿಯ ಪ್ರಶ್ನೆಯ ಬೀಗಕ್ಕೂ ಕೀಲಿಕೈ ಅಲ್ಲಿಯೇ ಇದೆ. ಎಲ್ಲ ಸಂದರ್ಭದಲ್ಲಿಯೂ ಬಂಜೆಯಾಗಿಸುವ ವಂಶವಾಹಿ ಉಳಿಯಲು ಸಾಧ್ಯವೇ ಇಲ್ಲ. ಉಳಿಯಬಲ್ಲದ್ದು ಇಂಥ ಸಂದರ್ಭದಲ್ಲಿ ಹೀಗೆ, ಅಂಥ ಸಂದರ್ಭದಲ್ಲಿ ಹಾಗೆ ಎಂಬ ಷರತ್ತಿನ ವಂಶವಾಹಿ ಮಾತ್ರ. ಕೆಲಸಗಾರ ನೊಣಗಳು ಸ್ರವಿಸುವ ರಾಜಶಾಹಿರಸವನ್ನೇ ಉಂಡು ಬೆಳೆದ ಹೆಣ್ಣುಮರಿ ರಾಣಿಯಾಗುತ್ತದೆ, ಕೆಲವೇ ದಿನಗಳ ನಂತರ ಬೇರೆ ಆಹಾರಕ್ಕೆ ಬದಲಾದ ಮರಿ ಕೆಲಸಗಾರಳಾಗುತ್ತದೆ. ಇಬ್ಬರಲ್ಲೂ ಇರುವುದು ಅವೇ ವಂಶವಾಹಿಗಳು. ಯಾವುದು ಎಚ್ಚರವಾಗಿರಬೇಕು, ಯಾವುದು ಸುಮ್ಮನಿರಬೇಕು ಎನ್ನುವುದು ಆಹಾರದಿಂದ ನಿರ್ಧಾರವಾಗುತ್ತದೆ. ಡಿಎನ್‌ಎ ಮೇಲೆ ಮೀಥೈಲ್ ಗುಂಪುಗಳೆಂಬ ಪುಟ್ಟ ರಾಸಾಯನಿಕ ಗುರುತುಗಳನ್ನು ಅಂಟಿಸುವ ಒಂದು ಕಿಣ್ವದ ತಯಾರಿಕೆಯನ್ನು ಮರಿಗಳಲ್ಲಿ ತಗ್ಗಿಸಿದಾಗ, ರಾಜಶಾಹಿರಸದ ಊಟವಿಲ್ಲದೆಯೂ ಬಹುಪಾಲು ಮರಿಗಳು ರಾಣಿಯಂಥ ಅಂಡಾಶಯಗಳೊಂದಿಗೆ ಹೊರಬಂದವು ಎಂದು 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ವರದಿ ಮಾಡಿದರು. ರಾಣಿಯು ಬಂಜೆತನದ ಗುಣವನ್ನು ತನ್ನಲ್ಲಿ ಪ್ರಕಟಿಸದೆ, ಮುಂದಕ್ಕೆ ಸಾಗಿಸುತ್ತಾಳೆ.

ಇನ್ನು ನಡವಳಿಕೆಯ ವಂಶವಾಹಿ. ಇದಕ್ಕೆ ಜೇನಿನಲ್ಲಿಯೇ ಸೊಗಸಾದ ಪ್ರಯೋಗವಿದೆ. ಫೌಲ್‌ಬ್ರೂಡ್ ಎಂಬ ರೋಗ ತಗುಲಿದ ಮರಿಗಳು ಮೇಣದ ಮುಚ್ಚಳದಡಿಯಲ್ಲಿ ಸಾಯುತ್ತವೆ. ಕೆಲವು ಕುಟುಂಬಗಳ ನೊಣಗಳು ಅಂಥ ಕೋಶದ ಮುಚ್ಚಳ ಬಿಚ್ಚಿ, ಸತ್ತ ಮರಿಯನ್ನು ಎಳೆದು ಹೊರಗೆ ಹಾಕುತ್ತವೆ. ಇನ್ನು ಕೆಲವು ಹಾಗೆಯೇ ಬಿಟ್ಟು ರೋಗವನ್ನು ಹರಡಿಕೊಳ್ಳುತ್ತವೆ. ಅಮೆರಿಕದ ವಾಲ್ಟರ್ ರಾಥನ್‌ಬ್ಯೂಲರ್ ಈ ಎರಡು ತಳಿಗಳನ್ನು ಕೂಡಿಸಿ 1964ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಿಶ್ರತಳಿಯ ಮೊದಲ ಪೀಳಿಗೆಯಲ್ಲಿ ಸ್ವಚ್ಛತೆಯ ಗುಣ ಕಾಣಿಸಲಿಲ್ಲ. ಆ ಮಿಶ್ರತಳಿಯ ಗಂಡುನೊಣಗಳಿಂದ ಸ್ವಚ್ಛ ತಳಿಯ ರಾಣಿಯರಿಗೆ, ಒಬ್ಬಳಿಗೆ ಒಂದೇ ಗಂಡಿನಂತೆ, ಕೃತಕವಾಗಿ ಗರ್ಭಧಾರಣೆ ಮಾಡಿಸಿದಾಗ ದೊರೆತ 29 ಕುಟುಂಬಗಳಲ್ಲಿ ನಾಲ್ಕು ಬಗೆಗಳು ಕಂಡವು. 6 ಕುಟುಂಬಗಳು ಮುಚ್ಚಳವನ್ನೂ ತೆರೆದವು, ಮರಿಯನ್ನೂ ತೆಗೆದವು. 9 ಕುಟುಂಬಗಳು ಮುಚ್ಚಳ ತೆರೆದು ಮರಿಯನ್ನು ಅಲ್ಲಿಯೇ ಬಿಟ್ಟವು. ಉಳಿದ 14 ಮುಚ್ಚಳವನ್ನೇ ತೆರೆಯಲಿಲ್ಲ. ಆದರೆ ರಾಥನ್‌ಬ್ಯೂಲರ್ ತಾವೇ ಮುಚ್ಚಳ ತೆಗೆದುಕೊಟ್ಟಾಗ ಅವುಗಳಲ್ಲಿ 6 ಕುಟುಂಬಗಳು ಸತ್ತ ಮರಿಯನ್ನು ಹೊರಗೆ ಹಾಕಿದವು, 8 ಆಗಲೂ ಸುಮ್ಮನಿದ್ದವು. ಮೆಂಡೆಲ್ ಅವರ ಬಟಾಣಿಯ ಪಾಠ ಮಾಡಿದ ಮೇಲೆ ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದರೆ, ಎರಡು ಅಪ್ರಬಲ ವಂಶವಾಹಿಗಳ (ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುವಂಥವುಗಳ) ಊಹೆಯನ್ನು ನಿಮ್ಮ ವಿದ್ಯಾರ್ಥಿಗಳೇ ಮುಂದಿಟ್ಟಾರು ಎಂಬ ನಂಬಿಕೆ ನನಗಿದೆ.

ಆದರೆ ಅಲ್ಲಿಗೆ ನಿಲ್ಲಿಸಬಾರದು. ಡಿಎನ್‌ಎ ಗುರುತುಗಳನ್ನು ಬಳಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಗುಣದೊಂದಿಗೆ ಸಂಬಂಧವಿರಬಹುದಾದ ಏಳು ಸ್ಥಾನಗಳನ್ನು ಸೂಚಿಸಿತು, ಒಂದೊಂದರ ಪ್ರಭಾವವೂ ಅಲ್ಪಸ್ವಲ್ಪ. ಮುಚ್ಚಳ ತೆರೆಯುವುದು ಹೇಗೆಂಬ ಪಾಠ ಯಾವ ವಂಶವಾಹಿಯಲ್ಲಿಯೂ ಬರೆದಿಲ್ಲ. ಎಲ್ಲ ಕೆಲಸಗಾರ ನೊಣಗಳಿಗೂ ಮೇಣ ಕಡಿಯಲು ಬರುತ್ತದೆ. ಸ್ವಚ್ಛ ತಳಿಯ ನೊಣಗಳು ರೋಗದ ಮರಿಯ ವಾಸನೆಯನ್ನು ಅದು ಇನ್ನೂ ಕ್ಷೀಣವಾಗಿರುವಾಗಲೇ ಗುರುತಿಸಬಲ್ಲವು ಎಂದು ಕಂಡುಬಂದಿದೆ. ಪ್ರೋಟೀನಿನಿಂದ ನಡವಳಿಕೆ ಹುಟ್ಟುವ ದಾರಿ ಇಂಥದ್ದು, ಮೇಡಂ: ವಂಶವಾಹಿ ಬದಲಾದರೆ ನರಕೋಶದ ಸಂವೇದನೆ ಸ್ವಲ್ಪ ಬದಲಾಗುತ್ತದೆ, ಸಂವೇದನೆ ಬದಲಾದರೆ ಯಾವ ಕೆಲಸ ಯಾವಾಗ ಆರಂಭವಾಗಬೇಕು ಎನ್ನುವುದು ಬದಲಾಗುತ್ತದೆ.

ಹಣ್ಣುನೊಣದಲ್ಲಿ ಇನ್ನೊಂದು ಉದಾಹರಣೆಯಿದೆ. ಅದರ ಮರಿಗಳಲ್ಲಿ ಕೆಲವು ಆಹಾರದ ನಡುವೆ ದೂರದವರೆಗೆ ಅಲೆಯುತ್ತವೆ, ಕೆಲವು ಇದ್ದಲ್ಲಿಯೇ ತಿನ್ನುತ್ತವೆ. ಕೆನಡಾದ ಮಾರ್ಲಾ ಸೊಕೊಲೊವ್‌ಸ್ಕಿ ಗುರುತಿಸಿದ ಈ ವ್ಯತ್ಯಾಸಕ್ಕೆ ಕಾರಣವಾದ ವಂಶವಾಹಿ ಯಾವುದೆಂದು 1997ರಲ್ಲಿ ಖಚಿತವಾಯಿತು. ಅದೇ ವಂಶವಾಹಿ ಜೇನಿನಲ್ಲಿಯೂ ಇದೆ. ಗೂಡಿನೊಳಗೆ ಮರಿ ಸಾಕುವ ಎಳೆಯ ಕೆಲಸಗಾರಳ ಮಿದುಳಿನಲ್ಲಿ ಅದರ ಚಟುವಟಿಕೆ ಕಡಿಮೆ, ಮಕರಂದಕ್ಕೆ ಹೊರಡುವ ಹೊತ್ತಿಗೆ ಹೆಚ್ಚು. ಗೂಡಿನಲ್ಲಿ ಹೊರಕೆಲಸದವರ ಕೊರತೆಯಾಗಿ ಎಳೆಯ ನೊಣ ಬೇಗ ಹೊರಡಬೇಕಾಗಿ ಬಂದರೆ ಆ ಚಟುವಟಿಕೆಯೂ ಬೇಗನೇ ಏರುತ್ತದೆ. ವಂಶವಾಹಿ ನಡವಳಿಕೆಯನ್ನು ರೂಪಿಸುತ್ತದೆ, ಗೂಡಿನ ಸ್ಥಿತಿ ವಂಶವಾಹಿಯ ಚಟುವಟಿಕೆಯನ್ನು ರೂಪಿಸುತ್ತದೆ.

ತುಡುವೆ ಸಾಕಣೆಗಾರ

ಪೆಟ್ಟಿಗೆಗಳ ನಡುವೆ ಇರುವವನಾಗಿ ಎರಡು ಸಂಗತಿಗಳನ್ನು ಸೇರಿಸುತ್ತೇನೆ. ಆ ವಿದ್ಯಾರ್ಥಿನಿ ಮನೆಯಲ್ಲೇ ನೋಡಬಹುದಾದವು.

ಮೊದಲನೆಯದು, ಕೆಲಸಗಾರ ನೊಣ ಪೂರ್ತಿ ಬಂಜೆಯಲ್ಲ. ರಾಣಿ ಸತ್ತು, ಹೊಸ ರಾಣಿಯನ್ನು ಬೆಳೆಸಲು ಎಳೆಯ ಮರಿಯೂ ಇಲ್ಲದೆ ಹೋದರೆ ತುಡುವೆಯ ಕೆಲಸಗಾರ ನೊಣಗಳು ಬಹಳ ಬೇಗ ಮೊಟ್ಟೆಯಿಡತೊಡಗುತ್ತವೆ. ಒಂದೊಂದು ಕೋಶದಲ್ಲಿ ಹಲವು ಮೊಟ್ಟೆಗಳು, ಅವೂ ತಳದ ನಡುವೆ ಇರದೆ ಗೋಡೆಗೆ ಅಂಟಿಕೊಂಡಿರುತ್ತವೆ. ಈ ಕೆಲಸಗಾರ ನೊಣಗಳು ಗಂಡನ್ನು ಕೂಡಿಲ್ಲವಾದ್ದರಿಂದ ಆ ಮೊಟ್ಟೆಗಳಿಂದ ಗಂಡುನೊಣಗಳಷ್ಟೇ ಬರುತ್ತವೆ, ಕುಟುಂಬ ಕ್ರಮೇಣ ಮುಗಿದುಹೋಗುತ್ತದೆ. ರಾಣಿಯಿರುವಾಗ ಹೀಗೇಕೆ ಆಗುವುದಿಲ್ಲ ಎಂಬುದಕ್ಕೂ ಮೇಲಿನ ಬಂಧುತ್ವದ ಲೆಕ್ಕದಲ್ಲೇ ಉತ್ತರವಿದೆ. ಹಲವು ತಂದೆಯರಿರುವ ಗೂಡಿನಲ್ಲಿ ಕೆಲಸಗಾರಳಿಗೆ ರಾಣಿಯ ಮಗ, ಅಂದರೆ ತಮ್ಮ, ಕಾಲು ಭಾಗದ ಬಂಧು. ಬೇರೆ ತಂದೆಯ ಅಕ್ಕತಂಗಿಯ ಮಗನಾದರೋ ಎಂಟರಲ್ಲಿ ಒಂದು ಭಾಗದ ಬಂಧು. ಆದ್ದರಿಂದ ಕೆಲಸಗಾರ ನೊಣಗಳು ಒಬ್ಬರ ಮೊಟ್ಟೆಯನ್ನು ಇನ್ನೊಬ್ಬರು ಹುಡುಕಿ ತಿಂದುಹಾಕುತ್ತವೆ, ರಾಣಿಯ ಮೊಟ್ಟೆಯನ್ನು ಉಳಿಸುತ್ತವೆ. ಯುರೋಪಿನ ಜೇನಿನಲ್ಲಿ ಇದನ್ನು 1989ರಲ್ಲಿ ಪ್ರಯೋಗದಿಂದ ತೋರಿಸಲಾಯಿತು.

ಎರಡನೆಯದು ಸ್ವಚ್ಛತೆಯ ಗುಣ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶ ಮಾಡಿದ್ದು ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ಹಿರಿಯ ಸಾಕಣೆಗಾರರಿಗೆಲ್ಲ ನೆನಪಿದೆ. ಆದ್ದರಿಂದ ನಮಗೆ ಈ ವಂಶವಾಹಿಯ ಚರ್ಚೆ ಪುಸ್ತಕದ ವಿಷಯವಲ್ಲ. ಯಾವ ಕುಟುಂಬ ಸ್ವಚ್ಛ ಎಂದು ತಿಳಿಯಲು ಮುಚ್ಚಿದ ಮರಿಕೋಶಗಳ ಒಂದು ಚಿಕ್ಕ ಭಾಗವನ್ನು ಗುರುತು ಮಾಡಿ, ಸಣ್ಣ ಸೂಜಿಯಿಂದ ಒಳಗಿನ ಮರಿಗಳನ್ನು ಚುಚ್ಚಿ, ಎರಿಯನ್ನು ಮರಳಿ ಇಟ್ಟು, 24 ಗಂಟೆಯ ನಂತರ ಎಷ್ಟು ಕೋಶಗಳು ಖಾಲಿಯಾಗಿವೆ ಎಂದು ಎಣಿಸಬೇಕು. ಒಂದೇ ದಿನ ಹಲವು ಪೆಟ್ಟಿಗೆಗಳಲ್ಲಿ ಮಾಡಿದರೆ ಕುಟುಂಬದಿಂದ ಕುಟುಂಬಕ್ಕೆ ಇರುವ ಅಂತರ ಮಕ್ಕಳ ಕಣ್ಣಿಗೇ ಕಾಣುತ್ತದೆ.

ಆದರೆ ಚೆನ್ನಾಗಿ ಸ್ವಚ್ಛ ಮಾಡುವ ಕುಟುಂಬದಿಂದ ರಾಣಿಯನ್ನು ಬೆಳೆಸಿಕೊಂಡರೆ ಮುಗಿಯುವುದಿಲ್ಲ. ಆ ರಾಣಿ ಆಕಾಶದಲ್ಲಿ ಕೂಡುವುದು ಊರಿನ ಎಲ್ಲರ ಪೆಟ್ಟಿಗೆಗಳ ಮತ್ತು ಕಾಡಿನ ಮರದ ಪೊಟರೆಗಳ ಗಂಡುನೊಣಗಳನ್ನು. ಗುಣ ಅಪ್ರಬಲವಾಗಿದ್ದರೆ ಮುಂದಿನ ಪೀಳಿಗೆಯಲ್ಲಿ ಅದು ಮತ್ತೆ ಮರೆಯಾಗುತ್ತದೆ. ಹೀಗಾಗಿ ಒಬ್ಬನೇ ಆಯ್ಕೆ ಮಾಡಿ ಪ್ರಯೋಜನವಿಲ್ಲ. ಸುತ್ತಲಿನ ಸಾಕಣೆಗಾರರೆಲ್ಲ ಒಟ್ಟಾಗಿ, ಪರೀಕ್ಷೆಯಲ್ಲಿ ಹಿಂದುಳಿದ ಕುಟುಂಬಗಳ ಗಂಡುಮರಿಗಳ ಎರಿಯನ್ನು ಕತ್ತರಿಸಿ, ಒಳ್ಳೆಯ ಕುಟುಂಬಗಳಲ್ಲಿ ಗಂಡುನೊಣಗಳು ಧಾರಾಳವಾಗಿ ಹುಟ್ಟಲು ಬಿಡಬೇಕಾಗುತ್ತದೆ. ನಿಮ್ಮ ವಿದ್ಯಾರ್ಥಿನಿಯ ಮನೆಯವರಿಗೆ ಆಸಕ್ತಿಯಿದ್ದರೆ ಕುಟುಂಬಗಳು ಪಾಲಾಗುವ ಕಾಲಕ್ಕೆ ಮೊದಲೇ ಈ ಪರೀಕ್ಷೆ ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಗಂಡುನೊಣಗಳೂ ಹೊಸ ರಾಣಿಯರೂ ಹುಟ್ಟುವುದು ಆಗಲೇ.